ಅಳಿಸಿದ ಗುರುತುಗಳು: ಒಂದು

ನನ್ನ ತಂಗಿಯ ಮಗಳು ಈಚೆಗೆ ಕಂದಾಯ ಇಲಾಖೆಗೆ ಸೇರಿದಳು. ಆದೇಶ ಕೈಗೆ ಬಂದ ದಿನ ಪೇಢೆ ಹಿಡಿದು ಮನೆಗೆ ಬಂದವಳು, "ಮಾಮಾ, ಜನ್ಮಾ ಪೂರ್ತಿ ಇದ ನೌಕರಿ ಮಾಡೀರಿ. ನನಗೊಂದು ಬುದ್ಧಿಮಾತ ಹೇಳ್ರಿ" ಅಂದಳು. ನನಗೆ ಸಿಟ್ಟು ಬಂತು. ಬುದ್ಧಿಮಾತು ಹೇಳುವಷ್ಟು ಬುದ್ಧಿ ಇದ್ದಿದ್ದರೆ ನಾನು ಜನ್ಮಪೂರ್ತಿ ಅದೇ ನೌಕರಿ ಮಾಡುತ್ತಿದ್ದೆನೇ? ಆದರೂ ಅವಳಿಗೆ ಹೇಳಬೇಕಾದ ಸಂಗತಿ ಒಂದಿತ್ತು, ಬಾಯಿಂದ ಹೊರಡಲಿಲ್ಲ. ಸರಕಾರಿ ದವಾಖಾನೆಯ ಜೀಪಿನ ಮೇಲಿದ್ದ ಒಂದು ಗುರುತನ್ನು ನಾನು ಕೈಯಾರೆ ಅಳಿಸಿದೆ. ಮುಂದೆ ಅದೇ ಜೀಪಿನಲ್ಲಿ ಒಬ್ಬ ಹೆಣ್ಣುಮಗಳು ಹೆರಿಗೆಗೆ ಹೊರಟಳು. ಅದನ್ನೇ ಬರೆಯುತ್ತಿದ್ದೇನೆ. ನಡುನಡುವೆ ನಗು ಬಂದರೆ ನಗಬಹುದು. ನಾವೂ ಆಗ ನಗುತ್ತಲೇ ಇದ್ದೆವು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕಂದಾಯ ನಿರೀಕ್ಷಕ, ಜನರ ಬಾಯಲ್ಲಿ 'ಸರ್ಕಲ್ ಸಾಹೇಬ'. ಬಣವೆ ಸುಟ್ಟರೆ ಪಂಚನಾಮೆ, ಹೊಳೆ ಬಂದರೆ ಪಂಚನಾಮೆ, ಗಿಡ ಬಿದ್ದರೆ ಪಂಚನಾಮೆ. ಹೀಗೆ ಸುಖವಾಗಿದ್ದಾಗ ಒಂದು ಸುತ್ತೋಲೆ ಬಂತು. ಅದರ ಬೆನ್ನಿಗೇ ಹೊಸ ಪ್ರಾಂತ ಸಾಹೇಬರೂ, ಅಂದರೆ ಉಪವಿಭಾಗಾಧಿಕಾರಿಗಳೂ, ಬಂದರು. ಸುತ್ತೋಲೆ ಒಂದೇ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಸಾಹೇಬರು ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಕಾನೂನು ಓದಿದವರು, ಬಂದ ಕಾಗದವನ್ನು ಪೂರ್ತಿ ಓದುವ ಕೆಟ್ಟ ಚಟ ಬೇರೆ.

"ಏನ್ರೀ, ಈ ಸುತ್ತೋಲೆ ಮೇಲೆ ಏನು ಕ್ರಮ ತಗೊಂಡಿದೀರಾ?"

"ಓದಿ ಫೈಲಿಗೆ ಹಾಕೇವ್ರಿ ಸರ್."

"ಅದು ಕ್ರಮ ಅಲ್ಲ ಕಣ್ರೀ."

"ನಮ್ಮಲ್ಲಿ ಅದ ಕ್ರಮ ರೀ ಸರ್."

ಅವರು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಬಿಳಿಯ ಮೇಲೆ ಕೆಂಪು ಕ್ರಾಸ್ ಇದೆಯಲ್ಲ, ಅದು ದವಾಖಾನೆಯ ಗುರುತಲ್ಲ, ಯುದ್ಧದ ಗುರುತು. ಗಾಯಗೊಂಡವರನ್ನು ಹೊತ್ತ ಗಾಡಿಯ ಮೇಲೆ ಅದನ್ನು ಕಂಡರೆ ವೈರಿ ಕೂಡ ಬಂದೂಕು ಇಳಿಸಬೇಕು. ಜಿನೀವಾದಲ್ಲಿ ದೇಶದೇಶಗಳು ಕೂತು ಹಾಗೆ ಒಪ್ಪಂದ ಮಾಡಿಕೊಂಡಿವೆ. ನಮ್ಮಲ್ಲೂ ಅದಕ್ಕೊಂದು ಕಾಯ್ದೆಯಾಗಿದೆ. ಪರವಾನಗಿ ಇಲ್ಲದೆ ಯಾರೂ ಆ ಗುರುತು ಬಳಸುವಂತಿಲ್ಲ.

"ಶಾಂತಿ ಕಾಲದಲ್ಲಿ ಕಂಡಕಂಡವರೆಲ್ಲ ಹಾಕ್ಕೊಂಡ್ರೆ, ಕಷ್ಟ ಬಂದಾಗ ಅದನ್ನ ಯಾರು ನಂಬ್ತಾರೆ ಹೇಳಿ?" ಅಂದರು.

"ಆದ್ರ ಸರ್, ನಮ್ಮ ಕಡೆ ಯುದ್ಧ ಇಲ್ಲಲ್ರಿ. ಹೊಲದ ಬದುವಿನ ಜಗಳ ಅದಾವ. ಅದಕ್ಕ ಜಿನೀವಾ ತನಕ ಹೋಗೂದ ಬ್ಯಾಡ್ರಿ."

ಸಾಹೇಬರು ನಗಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆ ತಿರುಗಿ ಗುರುತು ಹುಡುಕುವ ವಿಶೇಷ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಜೊತೆಗೆ ತಿಂಗಳ ಪ್ರಗತಿ ವರದಿಯ ನಮೂನೆ. ಅದರಲ್ಲಿ ಮೂರು ಕಾಲಂ: ಕಂಡುಬಂದದ್ದು, ತಿಳುವಳಿಕೆ ಕೊಟ್ಟದ್ದು, ಅಳಿಸಿದ್ದು. ಕೇಸು ಹಾಕುವ ಅಧಿಕಾರ ನಮಗಿರಲಿಲ್ಲ. ತಿಳುವಳಿಕೆ ಕೊಡುವ ಅಧಿಕಾರವಿತ್ತು, ಅದು ಊರ ಕಟ್ಟೆಯ ಮೇಲೆ ಕೂತವರಿಗೂ ಇರುತ್ತದೆ.

ಮೊದಲು ಏಕಸಂಬಿಗೆ ಹೋದೆ. ಅಲ್ಲಿನ ಒಬ್ಬ ಖಾಸಗಿ ಡಾಕ್ಟರರ ಬೋರ್ಡಿನಲ್ಲಿ ಹೆಸರಿಗಿಂತ ಕ್ರಾಸೇ ದೊಡ್ಡದಿತ್ತು.

"ಡಾಕ್ಟರ್ ಸಾಹೇಬ್ರ, ಈ ಗುರ್ತ ತಗೀಬೇಕಾಗೇತ್ರಿ. ಜಿನೀವಾ ಒಪ್ಪಂದ ಆಗೇತಿ."

"ಜಿನೀವಾ ಯಾವ ಜಿಲ್ಲಾಕ್ಕ ಬರತೈತ್ರಿ?"

"ಪರದೇಶ ರೀ ಅದು."

"ಹಂಗಾರ ಒಪ್ಪಂದಕ್ಕ ಸಹಿ ಮಾಡಿದಾವ್ರು ಯಾರು? ನಾ ಅಂತೂ ಮಾಡಿಲ್ಲ. ನಮ್ಮಪ್ಪಾನೂ ಮಾಡಿಲ್ಲ. ಆಸ್ತಿ ಹಂಚೂ ವಾಟ್ನಿಪತ್ರಕ್ಕ ಮನಿ ಮಂದೀದೆಲ್ಲಾ ಸಹಿ ಬೇಕಂತೀರಿ, ಇದಕ್ಕ ಬ್ಯಾಡೇನ್ರಿ?"

ಬೆಂಚಿನ ಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದ ಮುದುಕ ಒಬ್ಬ ನಡುವೆ ಬಾಯಿ ಹಾಕಿದ. "ಬಿಡ್ರಿ ಸರ್ಕಲ್ ಸಾಹೇಬ್ರ. ಆ ಪ್ಲಸ್ ನೋಡಿದ ಕೂಡ್ಲೇ ನಂದು ಅರ್ಧಾ ಜ್ವರ ಇಳೀತೈತಿ. ಅದನ್ನ ತಗಸಿದ್ರ ಉಳದ ಅರ್ಧಾಕ್ಕ ನೀವ ಔಷಧಾ ಕೊಡ್ತೀರೇನು?"

ಮುಂದಿನ ವಾರ ಹೋದಾಗ ಬೋರ್ಡಿನ ಮೇಲೆ ಗೋಣಿಚೀಲ ಇಳಿಬಿಟ್ಟಿದ್ದರು. ಸಂತೋಷಪಟ್ಟೆ. ನನ್ನ ಫಟಫಟಿಯ ಸದ್ದು ಕೇಳಿದಾಗ ಮಾತ್ರ ಆ ಚೀಲ ಇಳಿಯುತ್ತದೆ, ನಾನು ಊರು ದಾಟಿದ ಮೇಲೆ ಏರುತ್ತದೆ ಎಂದು ತಿಳಿಯಲು ಎರಡು ತಿಂಗಳು ಬೇಕಾದವು.

ನಿಪ್ಪಾಣಿಯಲ್ಲಿ ಇನ್ನೂ ಮಜಾ. ಅಲ್ಲಿ ಒಬ್ಬ ಶೇಠ ತನ್ನ ಬೀಡಿ ಕಟ್ಟಿನ ಬಿಳಿ ಲೇಬಲ್ ಮೇಲೆ ಕೆಂಪು ಕ್ರಾಸ್ ಅಚ್ಚು ಹಾಕಿಸಿದ್ದ. "ಶೇಠಜಿ, ಬೀಡಿಗೂ ದವಾಖಾನಿಗೂ ಏನ್ರಿ ಸಂಬಂಧ?" ಎಂದೆ. "ಸಂಬಂಧ ಇಲ್ಲೇನ್ರಿ? ಇದರ ಗಿರಾಕಿ ಕಡೀಕ ಅಲ್ಲೇ ಹೋಗಾವಲ್ರಿ" ಎಂದ. ಎರಡು ಕಟ್ಟು ಬೀಡಿಯನ್ನು ಸಾಕ್ಷಿಗೆಂದು ಕಾಗದದಲ್ಲಿ ಸುತ್ತಿ, ಅರಗು ಹಚ್ಚಿ ಕಚೇರಿಗೆ ಒಯ್ದೆ. ಸೋಮವಾರ ಸಾಹೇಬರ ಮೇಜಿನ ಮೇಲೆ ಬಿಚ್ಚಿದರೆ ಲೇಬಲ್ ಮಾತ್ರ ಇತ್ತು. ಸಿಪಾಯಿ ಬಸಪ್ಪ ಗೋಡೆಗೆ ಒರಗಿ ನಿಂತು, "ಗುರ್ತ ಇರೂದು ಲೇಬಲ್ ಮ್ಯಾಲ ಐತಲ್ರಿ ಸರ್. ಬೀಡ್ಯಾಗ ಏನ ಐತಿ, ಹೊಗಿ" ಎಂದ. ಸಾಕ್ಷಿ ಸುಟ್ಟುಹೋಗಿದೆ ಎಂದು ಫೈಲಿನಲ್ಲಿ ಬರೆಯಬೇಕಾಯಿತು, ಅದೇನೂ ಸುಳ್ಳಲ್ಲ.

ನನ್ನ ದೊಡ್ಡ ಪ್ರಮಾದ ದಿಗ್ಗೇವಾಡಿಯಲ್ಲಿ ಆಯಿತು. ಆಗ ದನಗಳಿಗೆ ಕಾಲುಬಾಯಿ ಬೇನೆಯ ಸೂಜಿ ಹಾಕುತ್ತಿದ್ದರು. ಸೂಜಿ ಹಾಕಿದ ದನದ ಮೈಮೇಲೆ ಗುರುತಿಗೆ ಕೆಂಪು ಬಣ್ಣದಲ್ಲಿ ಅಡ್ಡಡ್ಡ ಎರಡು ಗೆರೆ ಎಳೆಯುತ್ತಿದ್ದರು. ತಮ್ಮಣ್ಣ ಎಂಬ ರೈತನ ಎತ್ತುಗಳು ಖಿಲಾರಿ, ಹಾಲಿನಂಥ ಬಿಳುಪು. ನಾನು ನಿಂತು ನೋಡಿದೆ. ಹಿನ್ನೆಲೆ ಬಿಳಿ, ಕ್ರಾಸ್ ಕೆಂಪು. ಯಾವ ವಸ್ತುವಾದರೂ ಸರಿ, ಕಂಡದ್ದನ್ನು ಬರೆಯಿರಿ ಎಂದು ಸಾಹೇಬರು ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟೂ ಇತ್ತು. 'ಕಂಡುಬಂದದ್ದು: ಖಿಲಾರಿ ಎತ್ತು, ಎರಡು' ಎಂದು ಬರೆದೇಬಿಟ್ಟೆ. ಅವರು ಓದಿ ಹೊಡೆದು ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಆ ವಾರ ರಜೆಯಲ್ಲಿದ್ದರು. ವರದಿ ಹಾಗೇ ಮೇಲಕ್ಕೆ ಹೋಯಿತು. ಮೇಲಿನಿಂದ ಉತ್ತರ ಬಂತು: 'ಸದರಿ ಎತ್ತುಗಳು ಯಾವ ಆಸ್ಪತ್ರೆಯ ಸೇವೆಯಲ್ಲಿವೆ ಎಂಬುದನ್ನು ಕೂಡಲೇ ತಿಳಿಸುವುದು.' ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆ ನಮ್ಮ ಇಲಾಖೆಯನ್ನು ನೋಡಿಯೇ ಹುಟ್ಟಿರಬೇಕು.

ಗುರುತು ಅಳಿಸಿ ಮುಗಿಸೋಣ ಎಂದು ಸೀಮೆಎಣ್ಣೆ, ಅರಿವೆ ಹಿಡಿದು ಹೋದೆ. ಎಡಗಡೆಯ ಎತ್ತು ಒದ್ದಿತು. ತಮ್ಮಣ್ಣ ನನ್ನನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟ. "ಸಾಹೇಬ್ರ, ಅದಕ್ಕ ಕಾಯ್ದೆ ಗೊತ್ತಿಲ್ರಿ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದ.

ಹೀಗೆ ಮೂರು ತಿಂಗಳಾದರೂ 'ಅಳಿಸಿದ್ದು' ಎಂಬ ಕಾಲಮ್ಮಿನಲ್ಲಿ ಸೊನ್ನೆಯೇ ಇತ್ತು. ಸಾಹೇಬರು ಎಲ್ಲರೆದುರು ವರದಿ ಎತ್ತಿ ಹಿಡಿದು, "ಒಂದಾದ್ರೂ ತೋರಿಸ್ರೀ! ಮೇಲೆ ನಾನೇನು ಮುಖ ತೋರಿಸ್ಲಿ?" ಎಂದು ಕೂಗಾಡಿದರು. ನನಗೆ ಅವಮಾನವಾಯಿತು. ಆಗ ನೆನಪಾದದ್ದು ಹಳೆಯ ಶಿರಸ್ತೇದಾರರೊಬ್ಬರು ಕಲಿಸಿದ ಉಪಾಯ. ಪ್ರಗತಿ ತೋರಿಸಬೇಕಾದರೆ ಮೊದಲು ಸರಕಾರದ ವಸ್ತುವಿಗೇ ಕೈ ಹಾಕು. ಅದು ಕೋರ್ಟಿಗೆ ಹೋಗುವುದಿಲ್ಲ, ಮುಖಂಡರಿಗೆ ಹೇಳುವುದಿಲ್ಲ, ಒದೆಯುವುದಿಲ್ಲ.

ಯಡೂರಿನಿಂದ ಮುಂದೆ ಹೊಳೆದಂಡೆಯಲ್ಲಿ ಒಂದು ಸಣ್ಣ ಸರಕಾರಿ ದವಾಖಾನೆ ಇತ್ತು. ಊರಿನ ಹೆಸರು ಬೇಡ. ಅಲ್ಲಿ ಒಂದು ಹಳೆಯ ಜೀಪು, ಅದರ ಎರಡೂ ಬಾಗಿಲಿಗೆ ಕೆಂಪು ಕ್ರಾಸ್. ಕಷ್ಟದ ಹೆರಿಗೆ, ಹಾವು ಕಡಿದದ್ದು, ಏನೇ ಇದ್ದರೂ ಆ ಜೀಪೇ ಕಾಗವಾಡದ ಮೇಲೆ ಮಿರಜಿಗೆ ಓಡಬೇಕು. ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಮಿರಜು, ಗಡಿಯಾಚೆ ಮಹಾರಾಷ್ಟ್ರದಲ್ಲಿ. ನಾನು ಸುಣ್ಣದ ಡಬ್ಬಿ, ಬ್ರಷ್ ಹಿಡಿದು ಇಳಿದಾಗ ನರ್ಸ್ ಕಾಂಬಳೆ ಸಿಸ್ಟರ್ ಹೊರಗೆ ಬಂದರು. ಗಟ್ಟಿ ಹೆಂಗಸು, ಮಾತೂ ಗಟ್ಟಿ.

"ಸರ್ಕಲ್ ಸಾಹೇಬ್ರ, ಊರ ತುಂಬ ಸುಳ್ಳ ಪ್ಲಸ್ ಅದಾವ. ಅವನ್ನ ಬಿಟ್ಟ ಖರೇದಕ್ಕ ಸುಣ್ಣಾ ಹಚ್ಚಾಕ ಬಂದೀರೇನು?"

"ಇದಕ್ಕ ಪರವಾನಗಿ ಇಲ್ರಿ ಸಿಸ್ಟರ್. ಅರ್ಜಿ ಕೊಡ್ರಿ, ಪರವಾನಗಿ ಬಂದ ಮ್ಯಾಲ ಮತ್ತ ಬರಸ್ಕೋರ್ರಿ."

"ಪೇಷಂಟ್ ಒಯ್ಯೂವಾಗ ಈ ಗುರ್ತ ನೋಡಿದ್ರ ಕಬ್ಬಿನ ಗಾಡಿ ಸೈತ ಬಾಜೂಕ ಸರೀತಾವ. ನಾಳೆ ಯಾರರ ದಾರ್ಯಾಗ ಸತ್ತರ ನಿಮ್ಮ ಪರವಾನಗಿ ತಗೊಂಡ ಏನ ಮಾಡ್ಲಿ?"

"ಬಿಡ್ತು ಅನ್ರಿ ಸಿಸ್ಟರ್" ಎಂದು ನಕ್ಕೆ. ಎರಡೂ ಬಾಗಿಲಿಗೆ ನಾನೇ ಸುಣ್ಣ ಬಳಿದೆ. ಎರಡು ಬಾಗಿಲಾದರೂ ಗಾಡಿ ಒಂದೇ. ವರದಿಯಲ್ಲಿ 'ಅಳಿಸಿದ್ದು: ಒಂದು' ಎಂದು ಬರೆದೆ. ಸಾಹೇಬರು ಅದರ ಪಕ್ಕ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿದರು. ಆ ದಿನ ಮನೆಗೆ ಹೋಗುವಾಗ ಜಿಲೇಬಿ ಕಟ್ಟಿಸಿಕೊಂಡು ಹೋಗಿದ್ದೆ.

ಕೆಲವು ತಿಂಗಳಾದ ಮೇಲೆ ಗಡಿಯ ಗಲಾಟೆ ಎದ್ದಿತು. ಬಂದ್ ಎಂದರು. ರಸ್ತೆಗೆ ಕಲ್ಲು, ಗಿಡದ ಟೊಂಗೆ ಅಡ್ಡ ಬಿದ್ದವು. ಸರಕಾರಿ ಗಾಡಿ ಕಂಡರೆ ಕಲ್ಲು. ಕಲ್ಲು ಒಗೆದವರು ಯಾವ ಕಡೆಯವರು ಎಂದು ಕೇಳಬೇಡಿ. ಎರಡೂ ಕಡೆ ಕಲ್ಲು ಒಗೆಯುತ್ತಿದ್ದರು, ಎರಡೂ ಕಡೆಯವರ ಮನೆಯಲ್ಲಿ ಎರಡೂ ಭಾಷೆ ಇತ್ತು. ರೋಗಿಗಳನ್ನು ಒಯ್ಯುವ ಗಾಡಿಗೆ ಮಾತ್ರ ದಾರಿ ಬಿಡುವುದು ಎಂದು ಅವರಲ್ಲೇ ಒಂದು ಕರಾರಾಗಿತ್ತು. ಜಿನೀವಾಕ್ಕೆ ಯಾರೂ ಹೋಗಿರಲಿಲ್ಲ, ತಾವೇ ಮಾಡಿಕೊಂಡದ್ದು.

ಅದೋ, ದ್ರಾಕ್ಷಿ ಕೊಯ್ಲಿನ ಕಾಲ. ದ್ರಾಕ್ಷಿ ಬಂದ್ ಮುಗಿಯುವ ತನಕ ಕಾಯುವುದಿಲ್ಲ. ಅಥಣಿ ಕಡೆಯ ಯಾರೋ ಒಬ್ಬ ಜಾಣ ಲಾರಿಗೆ ಸುಣ್ಣ ಬಳಿದು ಕೆಂಪು ಕ್ರಾಸ್ ಬರೆಸಿ ದಾಟಿಸಿದ. ಮರುದಿನ ನೋಡಿದರೆ ಹಾಲಿನ ಟೆಂಪೊಕ್ಕೆ ಕ್ರಾಸ್, ಹಿಂಡಿ ಹೇರಿದ ಟ್ರ್ಯಾಕ್ಟರಿಗೆ ಕ್ರಾಸ್, ಎಮ್ಮೆ ತುಂಬಿದ ಟ್ರಕ್ಕಿಗೆ ಕ್ರಾಸ್. ಸಾಹೇಬರು ತಲೆಯ ಮೇಲೆ ಕೈ ಹೊತ್ತರು. "ನಾನು ಹೇಳಿರ್ಲಿಲ್ವಾ? ಹೋಗಿ, ಕಾಗವಾಡದ ರಸ್ತೇಲಿ ನಿಂತು ಸುಳ್ಳು ಗುರುತೆಲ್ಲ ಅಳಿಸಿ. ನಿಮಗೆ ಅನುಭವ ಇದೆ" ಎಂದು ಕಳಿಸಿದರು.

ಸುಣ್ಣದ ಬಕೆಟ್ ಹಿಡಿದು ಹೋಗಿ ನಿಂತೆ. ಬಂದ್ ಮಾಡುವವರ ಮುಂದಾಳು ಸುರೇಶ ಎಂಬವನು ನನ್ನನ್ನು ನೋಡಿ ಕಲ್ಲು ಎತ್ತಿದವನು, ಬಂದ ಕೆಲಸ ಕೇಳಿ ಕಲ್ಲು ಕೆಳಗಿಟ್ಟು ಚಹಾ ತರಿಸಿದ. "ನಮ್ಮನ್ನೂ ಮೋಸ ಮಾಡಾಕತ್ತಾರ್ರಿ ಈ ಮಕ್ಳು. ಖರೇ ಯಾವ್ದು, ಸುಳ್ಳ ಯಾವ್ದು ತಿಳೀವಲ್ದು" ಎಂದ. ನಾನು ತಜ್ಞನಲ್ಲವೇ? ಉಪಾಯ ಹೇಳಿಕೊಟ್ಟೆ. "ಹೆಬ್ಬೆರಳ ಒತ್ತಿ ನೋಡ್ರಿ. ಖರೇ ದವಾಖಾನಿ ಗಾಡಿದು ಹಳೇ ಬಣ್ಣ, ಒಣಗಿರತೈತಿ. ಕಳ್ಳರು ಇವತ್ತ ಬರಸ್ಕೊಂಡ ಬಂದಿರತಾರ, ಬೆರಳಿಗೆ ಹತ್ತತೈತಿ."

ಅವರಿಗೆ ಅದು ಬಹಳ ಸೇರಿತು. ಬರುವ ಗಾಡಿಗೆಲ್ಲ ಹೆಬ್ಬೆರಳು ಒತ್ತಿದರು. ಬಣ್ಣ ಹತ್ತಿದರೆ ಸುರೇಶ ಕೂಗುತ್ತಿದ್ದ, ನಾನು ಸುಣ್ಣ ಬಳಿಯುತ್ತಿದ್ದೆ. ಒಂದು ವ್ಯಾನಿನಲ್ಲಿ ಮದುವೆಯ ದಿಬ್ಬಣ. ಮದುಮಗನನ್ನು ಸೀಟಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದ್ದರು, ಹಣೆಯ ಬಾಸಿಂಗ ತೆಗೆಯಲು ಮರೆತಿದ್ದರು.

"ಏನ ಆಗೇತಿ ಇವ್ಗ?"

"ಹೊಟ್ಟಿಬ್ಯಾನಿ ರೀ."

"ಮತ್ತ ಬಾಸಿಂಗ?"

"ಅದನ್ನ ಕಟ್ಟಿದಾಗಿಂದಾನ ಬ್ಯಾನಿ ಸುರು ಆಗೇತ್ರಿ."

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಇಡೀ ಇಲಾಖೆ ತಿಂಗಳುಗಟ್ಟಲೆ ಮಾಡದ ಕೆಲಸ ಅರ್ಧ ದಿನದಲ್ಲಿ ಆಗಿತ್ತು. ನನ್ನ ಪರೀಕ್ಷೆಯ ಸುದ್ದಿ ಸೈಕಲ್ ಮೇಲೆ ಗಡಿ ದಾಟಿ ಆಚೆ ಕಡೆಯ ಬಂದ್‌ನವರಿಗೂ ಮುಟ್ಟಿತು ಎಂದು ಸುರೇಶ ಹೇಳಿದಾಗ ನಾನು ಹಿಗ್ಗಿದೆ. ಆ ತಿಂಗಳ ವರದಿಯನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ.

ಊಟದ ಹೊತ್ತು ಮುಗಿದ ಮೇಲೆ ಒಂದು ಜೀಪು ಜೋರಾಗಿ ಬಂತು. ಸರಕಾರಿ ನಂಬರು, ಬಾಗಿಲ ಮೇಲೆ ಬರೀ ಸುಣ್ಣದ ಬಿಳಿ ತೇಪೆ. ನಾನು ಗುರುತಿಸಿ ಬಾಯಿ ತೆರೆಯುವುದರೊಳಗೆ ಕಲ್ಲು ಹಾರಿದವು. ಮುಂದಿನ ಗಾಜು ಒಡೆಯಿತು. ಜೀಪು ನಿಂತಿತು. ಕಾಂಬಳೆ ಸಿಸ್ಟರ್ ಇಳಿದರು, ಹಣೆಯಿಂದ ರಕ್ತ ಸುರಿಯುತ್ತಿತ್ತು. ಒಳಗೆ ಲಕ್ಷ್ಮವ್ವ ಎಂಬ ಹೆಣ್ಣುಮಗಳು ಮಲಗಿ ನರಳುತ್ತಿದ್ದಳು. ಅವಳ ಗಂಡ ಮಾರುತಿ, ಹೊಲದಾಳು, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕೂಸಿನ ಕಾಲು ಮುಂದಾಗಿತ್ತು. ಮಿರಜ ಮುಟ್ಟಿದರೆ ತಾಯಿಗೂ ಕೂಸಿಗೂ ಜೀವ, ಇಲ್ಲದಿದ್ದರೆ ಇಲ್ಲ.

ಸುರೇಶ ಒಳಗೆ ಇಣುಕಿ ಬಿಳಚಿಕೊಂಡ. "ಸಿಸ್ಟರ್ ಬಾಯಾರ, ದೇವರಾಣಿ ಗೊತ್ತಾಗ್ಲಿಲ್ರಿ. ಗುರ್ತ ಇರಲಿಲ್ಲಲ್ರಿ!"

"ಗುರ್ತ ಅಳಿಸಿದಾವ್ರು ನಿನ್ನ ಬಾಜೂಕ ನಿಂತಾರಲ್ಲ, ಅವರನ್ನ ಕೇಳು" ಎಂದರು ಸಿಸ್ಟರ್.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಡಿಯಾಚೆ ಇನ್ನೊಂದು ತಡೆ ಇತ್ತು. ಗುರುತಿಲ್ಲದೆ ಹೋದರೆ ಅಲ್ಲಿಯೂ ಕಲ್ಲು. ರಸ್ತೆಯ ಮೇಲೆ ಘೋಷಣೆ ಬರೆಯಲು ಅವರು ತಂದಿದ್ದ ಕೆಂಪು ಬಣ್ಣದ ಡಬ್ಬಿ ಕಸಿದುಕೊಂಡು ನಾನೇ ಎರಡೂ ಬಾಗಿಲಿಗೆ ಕ್ರಾಸ್ ಬರೆದೆ. ಅವಸರಕ್ಕೆ ಗೆರೆ ಸೊಟ್ಟಾದವು, ಬಣ್ಣ ಕೆಳಗಿಳಿಯಿತು. ಪರವಾನಗಿಯೂ ಇಲ್ಲ, ಅರ್ಜಿಯೂ ಇಲ್ಲ. ಡ್ರೈವರನ ಪಕ್ಕ ಹಾರಿ ಕೂತು "ಹೊಡಿ" ಎಂದೆ.

ಗಡಿ ದಾಟಿ ಸ್ವಲ್ಪ ದೂರಕ್ಕೆ ಆಚೆಯವರ ತಡೆ. ಒಬ್ಬ ಹಿರಿಯ ಮನುಷ್ಯ ಬಂದ. ನನ್ನತ್ತ ನೋಡಲೂ ಇಲ್ಲ. ಬಾಗಿಲ ಮೇಲೆ ಹೆಬ್ಬೆರಳು ಒತ್ತಿ ಎಲ್ಲರಿಗೂ ಎತ್ತಿ ತೋರಿಸಿದ. ಬೆರಳು ಕೆಂಪಾಗಿತ್ತು. "ಓಲಾ ಆಹೆ! ಖೋಟಾ!" ಎಂದ. ಹಸಿ ಇದೆ, ಸುಳ್ಳು ಎಂದು. ಹತ್ತಾರು ಜನ ಮುಂದೆ ಅಡ್ಡ ಕೂತರು.

ಕನ್ನಡದಲ್ಲಿ ಕೂಗಿದೆ, ಮರಾಠಿಯಲ್ಲಿ ಕೂಗಿದೆ, ಕೈಮುಗಿದೆ. ನಾನು ಕರ್ನಾಟಕ ಸರಕಾರದ ಸಾಹೇಬ ಎಂದು ತಿಳಿದ ಮೇಲೆ ಕೆಲಸ ಇನ್ನೂ ಕೆಟ್ಟಿತು. ನನ್ನನ್ನು ಕೆಳಗೆಳೆದರು. ಒಳಗೆ ನೋಡಿ ಎಂದರೆ, ಬೆಳಗಿನಿಂದ ಇಂಥವರನ್ನು ಬಹಳ ನೋಡಿದ್ದೇವೆ ಎಂದರು. ಆ ಪರೀಕ್ಷೆ ಹೇಳಿಕೊಟ್ಟವನೇ ನಾನು ಎಂದು ಹೇಳಿದೆ. ಅದಕ್ಕೆ ನಕ್ಕರು.

ಆಗ ಜೀಪಿನ ಒಳಗಿಂದ ಸಿಸ್ಟರ್ ಚೀರಿದರು. "ಸುಮ್ನಾಗ್ರಿ ಎಲ್ಲಾರೂ!"

ಆ ದನಿಗೆ ಅಡ್ಡ ಕೂತವರು ಎದ್ದು ನಿಂತರು. ಹಿರಿಯ ಹಿಂದಿನ ಪರದೆ ಸರಿಸಿ ನೋಡಿದ. ಹೆಣ್ಣು ಕೂಸು. ಸಿಸ್ಟರ್ ಅದರ ಬಾಯಿಗೆ ಬಾಯಿ ಹಚ್ಚಿ ಊದುತ್ತಿದ್ದರು. ಅದು ಎರಡು ಸಲವೋ ಮೂರು ಸಲವೋ ಉಸಿರು ಎಳೆಯಿತು. ಮತ್ತೆ ಎಳೆಯಲಿಲ್ಲ. ಹಿರಿಯ ತನ್ನ ಕೆಂಪು ಬೆರಳನ್ನು ಧೋತರಕ್ಕೆ ಒರೆಸುತ್ತಲೇ ನಿಂತಿದ್ದ. ಆಮೇಲೆ ಅವರೇ ಓಡಿ ಓಡಿ ಕಲ್ಲು ಸರಿಸಿದರು. ಲಕ್ಷ್ಮವ್ವ ಮಿರಜಿನಲ್ಲಿ ಬದುಕಿಕೊಂಡಳು.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಸುತ್ತೋಲೆಯ ಫೈಲು ತೆಗೆದು ಮತ್ತೊಮ್ಮೆ ಓದಿದರು. ಕೊನೆಗೆ, "ಕಾನೂನು ಸರಿಯಾಗೇ ಇತ್ತು ಕಣ್ರೀ" ಎಂದರು. "ಹೌದ್ರಿ ಸರ್, ಕಾನೂನು ಸರೀನ ಇತ್ತು. ನಾವು ಸುಳ್ಳ ಬಿಟ್ಟ ಖರೇದನ್ನ ಮೊದಲ ಅಳಿಸಿದ್ವಿ" ಎಂದೆ. ಅವರ ಕಣ್ಣಲ್ಲಿ ನೀರಿತ್ತು. ಆ ವಿಷಯದ ವರದಿ ಅವರು ಮತ್ತೆ ಕೇಳಲಿಲ್ಲ.

ತಿಂಗಳ ಮೇಲೆ ಮಾರುತಿ ನನ್ನ ಹತ್ತಿರ ಬಂದ. ಕೂಸಿನ ಹುಟ್ಟು ಸಾವು ಬರೆಸಬೇಕಿತ್ತು. ಊರಿನ ಲೆಕ್ಕಪತ್ರ ಬರೆಯುವ ನಮ್ಮ ತಲಾಠಿ, ಹುಟ್ಟಿದ್ದು ಗಡಿಯಾಚೆ, ಅಲ್ಲಿ ಬರೆಸು ಎಂದು ಕಳಿಸಿದ್ದ. ಆಚೆಯ ತಲಾಠಿ, ತಾಯಿ ಕರ್ನಾಟಕದವಳು, ಜೀಪೂ ಕರ್ನಾಟಕದ್ದು, ಅಲ್ಲೇ ಬರೆಸು ಎಂದು ಅಟ್ಟಿದ್ದ. ಒಂದು ಗೇಣು ನೆಲ ಬಿಡುವುದಿಲ್ಲ ಎಂದು ಎರಡೂ ಕಡೆಯವರು ಬಡಿದಾಡಿದ ಜಾಗ ಅದು. ಅಲ್ಲಿ ಹುಟ್ಟಿದ ಕೂಸು ಮಾತ್ರ ಯಾರಿಗೂ ಬೇಡವಾಗಿತ್ತು. ಮಾರುತಿ ಮೂರು ಸಲ ಅಲೆದು ಸೋತಿದ್ದ.

"ಎಲ್ಲ್ಯಾರ ಒಂದ ಕಡೆ ಬರಕೋರ್ರಿ ಸಾಹೇಬ್ರ" ಎಂದ. "ಹುಟ್ಟಿದ್ದಂತೂ ಖರೇ ಐತಿ."

ತಲಾಠಿಯ ಕೈಯಿಂದ ಪುಸ್ತಕ ತೆಗೆದುಕೊಂಡು ನಾನೇ ಬರೆದೆ. ಹುಟ್ಟಿದ ಸ್ಥಳ ಕಾಗವಾಡ. ಹೆಸರು ಇಟ್ಟಿಲ್ಲ. ಸಾವಿನ ಕಾರಣ ಎಂಬ ಕಾಲಮ್ಮಿನಲ್ಲಿ 'ತಡವಾದದ್ದು' ಎಂದು ಬರೆದೆ. ಯಾರಿಂದ ಎಂದು ಬರೆಯಲು ಅಲ್ಲಿ ಬೇಕಾದಷ್ಟು ಜಾಗವಿತ್ತು. ನಾನು ಬರೆಯಲಿಲ್ಲ.